ನಾಲ್ಕನೇ ಕ್ಯಾಬಿನ್ನಿನ ಗುಟ್ಟು

"ಯಾರ್ರೀ ಅದು! ವೈರ್ ಕಿತ್ತೋರು ಯಾರ್ರೀ!"

ಯಡಿಯೂರಿನ ಬೈರಣ್ಣನ ಸೈಬರ್ ಕೆಫೆಯಲ್ಲಿ ಎಂಟು ಕಂಪ್ಯೂಟರುಗಳೂ ಒಂದೇ ಸಲಕ್ಕೆ ಆರಿಹೋಗಿದ್ದವು. ಒಂದು ಕಡೆಯಿಂದ "ಅಯ್ಯೋ, ನನ್ನ ಅಪ್ಲಿಕೇಶನ್ ಅರ್ಧಕ್ಕೇ ಹೋಯ್ತಲ್ಲಾ!" ಎಂಬ ಗೋಳು. ಇನ್ನೊಂದು ಕಡೆಯಿಂದ "ಗೆಲ್ತಾ ಇದ್ದೆ ಮಗಾ, ಗೆಲ್ತಾ ಇದ್ದೆ!" ಎಂಬ ಬೊಬ್ಬೆ.

ಇಷ್ಟಕ್ಕೆಲ್ಲ ಕಾರಣಳಾದವಳು ನಾಲ್ಕನೇ ಕ್ಯಾಬಿನ್ನಿನ ಮೇಜಿನ ಕೆಳಗೆ, ಧೂಳಿನಲ್ಲಿ ಮಂಡಿಯೂರಿ, ಕೈಯಲ್ಲೊಂದು ಪ್ಲಗ್ಗು ಹಿಡಿದು ಕುಳಿತಿದ್ದಳು. ಹೆಸರು ಸುರಭಿ. ವಯಸ್ಸು ಇಪ್ಪತ್ತೇಳು. ಜಯನಗರದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಇಂಥ ಕಿತಾಪತಿಯನ್ನು ಹುಟ್ಟಿದಾಗಿನಿಂದ ಮಾಡಿದವಳಲ್ಲ. ಇಡೀ ಕೆಫೆಗೆ ಅದೊಂದೇ ಪ್ಲಗ್ಗಿನಿಂದ ಕರೆಂಟು ಹೋಗುತ್ತದೆಂದು ಪಾಪ, ಅವಳಿಗೇನು ಗೊತ್ತು?

ಕ್ಯಾಬಿನ್ನಿನ ಅರೆಬಾಗಿಲು ತೆರೆಯಿತು. ಕೆಫೆ ನೋಡಿಕೊಳ್ಳುವ ಚನ್ನವೀರ ಬಗ್ಗಿ ನೋಡಿದ. ಗದಗಿನ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದವನು.

"ಮೇಡಂ... ಅಲ್ಲೇನ್ ಮಾಡಾಕತ್ತೀರಿ?"

"ಹ್ಯಾಂಗ್ ಆಯ್ತು! ಕ್ಲೋಸ್ ಆಗ್ತಾನೇ ಇರ್ಲಿಲ್ಲ! ಹೊರಗಡೆ ಒಬ್ರು ಕಾಯ್ತಾ ಇದ್ರು... ನನ್ನ ಮೇಲ್ ಹಾಗೇ ತೆರ್ಕೊಂಡಿತ್ತು... ಅದಕ್ಕೇ..."

ಅವಳು ಪ್ಲಗ್ಗನ್ನು ಅವನ ಕಡೆ ಚಾಚಿದಳು. ಕಣ್ಣು ತುಂಬಿ ಬಂತು.

ಚನ್ನವೀರ ಒಂದು ಕ್ಷಣ ಅವಳ ಮುಖ ನೋಡಿದ. ಅವಳೀಗ ಬೈಗುಳಕ್ಕೆ ಕಾದು ಕುಳಿತಿದ್ದಳು. ಆದರೆ ಅವನು ಎದ್ದು ನಿಂತು, ಇಡೀ ಕೆಫೆಗೆ ಕೇಳುವಂತೆ ಕೂಗಿದ.

"ಫ್ಯೂಸ್ ಹೋಗೇತ್ರಿ! ಐದ್ ನಿಮಿಷ ತಡೀರಿ, ಹಾಕ್ತೀನಿ!"

ಸುರಭಿ ಕಣ್ಣರಳಿಸಿ ನೋಡಿದಳು. ಎಲಾ ಇವನ! ಸುಳ್ಳು ಹೇಳಿದ... ನನಗೋಸ್ಕರ!

ಜನ ಗೊಣಗಿಕೊಂಡು ಟೀ ಕುಡಿಯಲು ಹೊರಗೆ ಹೋದರು. ಚನ್ನವೀರ ಪ್ಲಗ್ಗು ಸಿಕ್ಕಿಸಿ, ಕಂಪ್ಯೂಟರ್ ಹಚ್ಚಿ, ಕುರ್ಚಿಯನ್ನು ಅವಳ ಕಡೆಗೆ ಸರಿಸಿದ.

"ಒಂದ್ ಮಾತು ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ವೈರ್ ಕಿತ್ತರ ಅದು ಹೋಗೂದಿಲ್ಲ. ಒಳಗ ಕುಂತಿರ್ತೇತಿ. ನಿಮ್ಮ ಮೇಲ್ ವಿಳಾಸದ ಮೊದಲನೇ ಅಕ್ಷರ ಒತ್ರಿ."

ಸುರಭಿ 'ಎಸ್' ಒತ್ತಿದಳು. ವಿಳಾಸ ಬರೆಯುವ ಪೆಟ್ಟಿಗೆಯ ಕೆಳಗೆ ಜರ್ರನೆ ಒಂದು ಪಟ್ಟಿ ಇಳಿಯಿತು. ಅವಳ ವಿಳಾಸ... ಅದರ ಕೆಳಗೆ ಇನ್ಯಾವನದೋ... ಇನ್ಯಾರದೋ...

ಅವಳು ಬೆರಳು ಥಟ್ಟನೆ ಹಿಂದೆಳೆದುಕೊಂಡಳು.

"ಅಂದ್ರೆ... ಇಷ್ಟು ದಿನ ನನ್ನ ಹಿಂದೆ ಬಂದು ಕೂತವ್ರಿಗೆಲ್ಲಾ..."

"ವಿಳಾಸ ಕಂಡಿರ್ತೇತ್ರಿ. ಈ ನೀಲಿ 'ಇ' ಗುರುತಿಂದು ಐತಲ್ಲ, ಇದು ಎಲ್ಲಾ ನೆನಪಿಟ್ಟುಕೊಂತೈತಿ. ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇನು ಅಂತ ಕೇಳಿದಾಗ ಹೌದು ಅಂದುಬಿಟ್ರ, ಅದನ್ನೂ ಇಟ್ಟುಕೊಂತೈತಿ."

ಅವಳು ಹಣೆ ಒತ್ತಿಕೊಂಡಳು. ಮುಂದಿನ ಪ್ರಶ್ನೆ ಏನೆಂದು ಅವಳಿಗೆ ಗೊತ್ತಿತ್ತು. ಅಂಥದ್ದೇನಿದೆ ಆ ಮೇಲಿನಲ್ಲಿ? ಯಾರಾದರೂ ಕೇಳುವುದೇ ತಾನೇ?

ಚನ್ನವೀರ ಕೇಳಲಿಲ್ಲ.

"ನಾಳೆ ಬರ್ರಿ. ಈ ನಾಲ್ಕನೇದಕ್ಕ ಬ್ಯಾರೆ ಬ್ರೌಸರ್ ಹಾಕಿಡ್ತೀನಿ," ಎಂದಷ್ಟೇ ಹೇಳಿ ಎದ್ದು ಹೋದ.

*

ಅವನು ಕೇಳದಿದ್ದರೇನು, ನಿಮಗೆ ನಾನು ಹೇಳಲೇಬೇಕಲ್ಲ.

ಸುರಭಿಯ ಅಪ್ಪ ಜಯಸಿಂಹ, ಹನುಮಂತನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಅವರ ಅಚ್ಚುಮೆಚ್ಚಿನ ಶಿಷ್ಯ ಶ್ರೀಕರ್. ಅಪ್ಪ ಅಮ್ಮ ಇಲ್ಲದ ಹುಡುಗ, ಮೇಷ್ಟ್ರ ಮನೆಯಲ್ಲೇ ಉಂಡು ಓದಿ ದೊಡ್ಡವನಾದವನು. ಮೇಷ್ಟ್ರು ಒಂದು ದಿನ "ನನ್ನ ಮಗಳನ್ನ ಮಾಡ್ಕೋತೀಯೇನೋ?" ಎಂದರು. ಅವನು ತಲೆ ತಗ್ಗಿಸಿ "ಹೂಂ ಸಾರ್" ಎಂದ. ಮೇಷ್ಟ್ರು ರಸ್ತೆಗೆಲ್ಲ ಲಾಡು ಹಂಚಿ, "ಶಿಷ್ಯನೇ ಅಳಿಯನಾದ ನೋಡ್ರಿ!" ಎಂದು ಬೀಗಿದರು.

ಮದುವೆಯಾದ ಎಂಟನೇ ದಿನ ಶ್ರೀಕರ್ ಸುರಭಿಯ ಮುಂದೆ ಕೂತು ಅತ್ತಿದ್ದ.

"ನನ್ನ ಮನಸ್ಸಲ್ಲಿ ಬೇರೆಯವರಿದ್ದಾರೆ ಸುರಭಿ. ಮೇಷ್ಟ್ರಿಗೆ ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಅವ್ರ ಅನ್ನ ತಿಂದಿದ್ದೀನಿ..."

ಏನು ಮಾಡಬೇಕು ಇಂಥವನನ್ನು! ಬೈಯಲೂ ಆಗದು. ತಿಂಗಳೊಪ್ಪತ್ತಿನಲ್ಲಿ ಅವನು ಪುಣೆಗೆ ಹೋದ, ಇವಳು ತವರಿಗೆ ಬಂದಳು. ಮನೆಯವರಿಗೆ ಹೇಳಿದ್ದು, ಪುಣೆಯಲ್ಲಿ ಪ್ರಾಜೆಕ್ಟು ಎಂದು. ಆ ಪ್ರಾಜೆಕ್ಟು ಒಂದು ವರ್ಷವಾದರೂ ಮುಗಿದಿರಲಿಲ್ಲ! ಈಗ, ಎರಡು ಸಾವಿರದ ಆರರ ಏಪ್ರಿಲ್‌ನಲ್ಲಿ, ಇಬ್ಬರೂ ಒಪ್ಪಿ ವಿಚ್ಛೇದನದ ಅರ್ಜಿ ಹಾಕಿದ್ದರು. ಆರು ತಿಂಗಳು ಕಾಯಬೇಕು. ವಕೀಲರು ಕಳಿಸುವ ಪತ್ರಗಳೆಲ್ಲ ಮೇಲಿನಲ್ಲಿ ಬರುತ್ತಿದ್ದವು.

ಮನೆಯಲ್ಲಿ ಕಂಪ್ಯೂಟರ್ ಇತ್ತು. ಆದರೆ ಅದು ಇದ್ದದ್ದು ನಡುಮನೆಯಲ್ಲಿ, ಅಮ್ಮ ಸೀತಮ್ಮ ಹೊಲಿದ ಹೂವಿನ ಹೊದಿಕೆ ಹೊದ್ದುಕೊಂಡು. ಅಪ್ಪನಿಗೆ ಕನ್ನಡ ಪೇಪರು ಓದಲು ಅದೇ. ಎದುರುಮನೆ ಪಂಕಜಮ್ಮನಿಗೆ ರೈಲು ಟಿಕೆಟ್ ಮಾಡಿಸಲು ಅದೇ. ಅರ್ಧ ರಸ್ತೆಗೆ ಅದೊಂದೇ ಆಧಾರ.

ಅಪ್ಪನಿಗೆ ಗೊತ್ತಾದರೆ? ಈ ಮದುವೆ ಮುರಿದದ್ದು ತನ್ನ ಮಾತಿನ ಭಾರಕ್ಕೆ ಎಂದು ಗೊತ್ತಾದರೆ? ಆ ಮನುಷ್ಯ ಮತ್ತೆ ತಲೆಯೆತ್ತಿ ನಡೆಯುತ್ತಾರೆಯೇ? ಎಲ್ಲ ಮುಗಿದ ಮೇಲೆ, ಮೆಲ್ಲಗೆ, ಒಳ್ಳೆಯ ಹೊತ್ತು ನೋಡಿ ಹೇಳಬೇಕು... ಅಲ್ಲಿಯವರೆಗೆ ಉಸಿರೆತ್ತಬಾರದು. ಸುರಭಿಗೆ ಇದ್ದದ್ದು ಅದೊಂದೇ ಹಟ. ಅದಕ್ಕೇ ಲ್ಯಾಬು ಮುಗಿಸಿ, ಯಾರೂ ಗುರುತಿನವರು ಬಾರದ ಯಡಿಯೂರಿನ ಕೆಫೆಗೆ ಬರುತ್ತಿದ್ದಳು.

*

ಮರುದಿನ ನಾಲ್ಕನೇ ಕಂಪ್ಯೂಟರಿನಲ್ಲಿ ಕೆಂಪು 'ಓ' ಗುರುತಿನ ಒಂದು ಹೊಸ ಬ್ರೌಸರ್ ಇತ್ತು. ಸುರಭಿ ಒಂದು ವಾರ ಬಳಸಿದಳು.

"ಫಾಸ್ಟ್ ಇದೆ ರೀ. ಆದ್ರೆ ನನ್ನ ಲ್ಯಾಬ್ ಸೈಟು ಅರ್ಧಂಬರ್ಧ ಬರುತ್ತೆ. ಬಟನ್ನುಗಳು ಒಂದರ ಮೇಲೊಂದು ಹತ್ತಿ ಕೂತಿರ್ತವೆ."

"ಹಂಗಂದ್ರ ಅದು ಬ್ಯಾಡ ಬಿಡ್ರಿ."

ಆಮೇಲೆ ಬಂತು ನರಿಯ ಚಿತ್ರದ್ದು. ಚನ್ನವೀರ ಒಂದು ಸ್ಟೂಲು ಎಳೆದುಕೊಂಡು, ಕ್ಯಾಬಿನ್ನಿನ ಹೊರಗೇ ಕೂತು ವಿವರಿಸಿದ. ಪರದೆಯ ಕಡೆ ಮಾತ್ರ ನೋಡುತ್ತಿರಲಿಲ್ಲ!

"ಕಿಟಕಿ ಮುಚ್ಚಿದ ಕೂಡ್ಲೆ ಎಲ್ಲಾ ಗುಡಿಸಿ ಹಾಕ್ತೈತ್ರಿ. ಹೋದ ವಿಳಾಸ, ಪಾಸ್‌ವರ್ಡು, ಒಂದೂ ಉಳಿಯೂದಿಲ್ಲ. ಹಂಗಂತ ಪೂರಾ ನಂಬಬ್ಯಾಡ್ರಿ ಮತ್ತ. ಈ ಮಷೀನಿನ ಮುಂದ ಬಂದು ಕುಂದ್ರೋರಿಂದ ಅಷ್ಟ ಕಾಯ್ತೈತಿ. ಮ್ಯಾಲಿರೋ ದೇವರಿಂದಲ್ಲ."

ಸುರಭಿ ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು!

ನರಿ ಅವಳಿಗೆ ಹಿಡಿಸಿತು. ಹಿಡಿಸದೇ ಇದ್ದದ್ದು ಕೆಫೆಯ ಮಾಲೀಕ ಬೈರಣ್ಣನಿಗೆ. ಚನ್ನವೀರ ಎಂಟಕ್ಕೆ ಎಂಟು ಕಂಪ್ಯೂಟರಿಗೂ ನರಿ ಹಾಕಿ, ನೀಲಿ 'ಇ'ಯನ್ನು ಬಚ್ಚಿಟ್ಟುಬಿಟ್ಟಿದ್ದ.

"ಏನ್ ಗುರು ನೀನು! ಕಸ್ಟಮರ್‌ಗಳು ನನ್ ತಲೆ ತಿಂತಾವ್ರೆ! ಕನ್ನಡ ಪೇಪರ್ ತೆಗುದ್ರೆ ಅಕ್ಷರ ಎಲ್ಲಾ ಕಲಸುಮೇಲೋಗರ ಆಗಿ ಬರ್ತೈತಂತೆ. ರೈಲ್ ಟಿಕೆಟ್ ಬಟನ್ ಒತ್ತುದ್ರೆ ಗುಮ್ ಅಂತ ಕೂತ್ಕೊಂತೈತಂತೆ. ದಿನಾ ಪಾಸ್‌ವರ್ಡ್ ಬೇರೆ ಹೊಡೀಬೇಕಂತೆ. ಯಾವನಿಗ್ ಬೇಕಿತ್ತು ನಿನ್ನ ಈ ಮಡಿ?"

ಮೂಲೆಯಲ್ಲಿ ಕೂತಿದ್ದ ಸುರಭಿಗೆ ಅಯ್ಯೋ ಅನ್ನಿಸಿತು. ಹಣ ಕೊಡುವ ಗಿರಾಕಿಗಳನ್ನು ಎದುರು ಹಾಕಿಕೊಂಡು ಯಾಕೆ ಈ ಹುಡುಗ ಇಷ್ಟೆಲ್ಲ ಒದ್ದಾಡುತ್ತಾನೆ? ಬೈರಣ್ಣ ಹೋದ ಮೇಲೆ ಕೇಳಿಯೇಬಿಟ್ಟಳು.

"ನಮ್ಮ ಅಕ್ಕ ದಾನಮ್ಮ ಅಂತ ಅದಾಳ್ರಿ. ಮದುವ್ಯಾದ ಹೊಸದರಾಗ ನಾನು ಅಕಿಗೆ ಪತ್ರ ಬರೀತಿದ್ದೆ. ಅದನ್ನ ಅತ್ತಿ ಮನ್ಯಾಗ ಎಲ್ಲಾರೂ ಒಡೆದು ಓದಿ, ಓಣಿಗೆಲ್ಲಾ ಓದಿ ಹೇಳಿ, ಆಮ್ಯಾಲ ಅಕಿ ಕೈಗೆ ಕೊಡ್ತಿದ್ರು. ಅಕಿ ನನಗ ತಿರುಗಿ ಬರೆದಿದ್ದು ಒಂದ ಸಾಲು. 'ಇನ್ನ ಬರೀಬ್ಯಾಡೋ ತಮ್ಮ.'"

ಅವನು ಮುಖ ತಿರುಗಿಸಿ ಮೌಸಿನ ವೈರು ಸುತ್ತತೊಡಗಿದ.

"ಹಾಗಾದ್ರೆ ಒಂದ್ ಕೆಲ್ಸ ಮಾಡೋಣ," ಎಂದಳು ಮೆತ್ತಗೆ. "ಎರಡೂ ಇಡಿ. ಯಾವುದಕ್ಕೆ ಯಾವುದು ಅಂತ ಬರೆದು ಅಂಟಿಸಿ. ಜನ ದಡ್ಡರಲ್ಲ."

ಇಬ್ಬರೂ ಸೇರಿ ಬರೆದರು. ಅಕ್ಷರ ಅವಳದು, ಮಾತು ಅವನದು. ಎಂಟು ಕಂಪ್ಯೂಟರಿನ ನೆತ್ತಿಯ ಮೇಲೂ ಚೀಟಿ ಬಿತ್ತು. 'ಪೇಪರು, ಟಿಕೆಟ್ಟು, ಎಲ್ಲಾರಿಗೂ ಗೊತ್ತಾದರ ನಡಿಯೂ ಕೆಲಸಕ್ಕ ನೀಲಿ ಇ. ನಿಮ್ಮ ಸ್ವಂತ ಮಾತಿಗೆ ನರಿ.'

ಗೊಣಗಾಟ ನಿಂತಿತು. ಬೈರಣ್ಣನೂ ಸುಮ್ಮನಾದ.

ಮೇ ತಿಂಗಳು ಬರುವಷ್ಟರಲ್ಲಿ ಸುರಭಿಗೆ ಮೇಲ್ ಇಲ್ಲದ ದಿನವೂ ಕೆಫೆಯಲ್ಲಿ ಕೆಲಸ ಇರುತ್ತಿತ್ತು! ಇದು ಸರಿಯಲ್ಲ, ವಿಚ್ಛೇದನದ ಕಾಗದ ಇನ್ನೂ ಆಗಿಲ್ಲ, ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಗದರಿಕೊಂಡೇ ಬರುತ್ತಿದ್ದಳು. ಚನ್ನವೀರ ಅವಳ ಮನೆ ಎಲ್ಲಿ, ಮದುವೆಯಾಗಿದೆಯೇ, ಏನನ್ನೂ ಕೇಳಿರಲಿಲ್ಲ. ಅವನ ಮುಂದೆ ಕೂತಾಗ ಎದೆಯ ಮೇಲಿನ ಕಲ್ಲು ಇಳಿಸಿಟ್ಟ ಹಾಗಿರುತ್ತಿತ್ತು.

*

ಮೇ ಕೊನೆಯ ಬುಧವಾರ ತಲೆನೋವೆಂದು ಸುರಭಿ ಲ್ಯಾಬಿನಿಂದ ಬೇಗ ಹೊರಟಳು. ತಮ್ಮ ರಸ್ತೆಯ ತಿರುವಿಗೆ ಬಂದವಳು ಅಲ್ಲೇ ನಿಂತಳು.

ಅವಳ ಮನೆಯ ಗೇಟಿನಿಂದ ಚನ್ನವೀರ ಹೊರಬರುತ್ತಿದ್ದ!

ಅಪ್ಪ ಅವನ ಭುಜ ತಟ್ಟಿ ಏನೋ ಹೇಳಿದರು. ಅವನು ತಲೆಯಾಡಿಸಿದ. ತಿರುಗಿದಾಗ ಸುರಭಿ ಕಂಡಳು. ಅವನ ಮುಖ ಬಿಳಿಚಿಕೊಂಡಿತು. ತಲೆ ತಗ್ಗಿಸಿ, ಕಳ್ಳನ ಹಾಗೆ, ಅವಳನ್ನು ಬಳಸಿಕೊಂಡು ಹೋಗಿಬಿಟ್ಟ.

ಇವನಿಗೇನು ಕೆಲಸ ನಮ್ಮ ಮನೆಯಲ್ಲಿ?

ಒಳಗೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡರು.

"ಸುರಭಿ... ನಿನ್ನ ವಕೀಲರ ಹತ್ರ ನಾನೂ ಒಂದ್ಸಲ ಮಾತಾಡ್ಲೇನಮ್ಮ?"

ಮುಗಿಯಿತು. ಯಾವುದು ಆಗಬಾರದೆಂದು ವರ್ಷಕ್ಕೂ ಮೀರಿ ಉಸಿರು ಬಿಗಿಹಿಡಿದಿದ್ದಳೋ ಅದೇ ಆಗಿತ್ತು. ವಕೀಲರ ವಿಷಯ ಆ ಮೇಲಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಆ ಮೇಲು ಅವಳು ತೆರೆಯುತ್ತಿದ್ದದ್ದು ನಾಲ್ಕನೇ ಕ್ಯಾಬಿನ್ನಿನಲ್ಲಿ!

ಅಪ್ಪ ಕರೆಯುತ್ತಿದ್ದರೂ ನಿಲ್ಲದೆ, ಬಂದ ಕಾಲಲ್ಲೇ ಆಟೋ ಹತ್ತಿದಳು.

ಕೆಫೆ ತುಂಬಿತ್ತು. ಚನ್ನವೀರ ಆಗತಾನೇ ಬಂದು ನೀರು ಕುಡಿಯುತ್ತಿದ್ದ.

"ನಂಬಿದ್ದೆ ನಿಮ್ಮನ್ನ!" ಅವಳ ದನಿಗೆ ಎಂಟೂ ಕ್ಯಾಬಿನ್ನಿನ ಬಾಗಿಲು ತೆರೆದವು. "ಏನ್ ನಾಟಕ ರೀ! ನರಿಯಂತೆ, ಗುಡಿಸಿ ಹಾಕುತ್ತಂತೆ! ನನ್ನ ಮೇಲ್ ಓದಿ, ನಮ್ಮಪ್ಪನ ಹತ್ರ ಹೋಗಿ ಹೇಳೋದು! ನಾಚಿಕೆ ಆಗಲ್ವಾ ನಿಮಗೆ?"

"ನಾನು ಓದಿಲ್ರಿ. ಹೇಳಿಲ್ರಿ."

"ಹಾಗಾದ್ರೆ ನಮ್ಮನೆಗೆ ಯಾಕ್ ಬಂದಿದ್ರಿ? ಹೇಳಿ! ಯಾಕ್ ಬಂದಿದ್ರಿ?"

ಚನ್ನವೀರ ಬಾಯಿ ತೆರೆದ. ಏನೋ ನೆನಪಾದವನಂತೆ ಮುಚ್ಚಿಕೊಂಡ.

"ಅದನ್ನ ನಾನು ಹೇಳಾಕ ಬರೂದಿಲ್ರಿ."

"ಹೇಗ್ ಬರುತ್ತೆ! ಅಕ್ಕನ ಕತೆ ಹೇಳಿ ನನ್ನನ್ನ ಅಳಿಸೋಕೆ ಬರುತ್ತೆ. ನಿಮ್ಮಕ್ಕನ ಪತ್ರ ಒಡೆದವ್ರಿಗೂ ನಿಮಗೂ ಏನ್ ವ್ಯತ್ಯಾಸ?"

ಆ ಮಾತು ಬಿದ್ದ ಕೂಡಲೇ ಅವನ ಕಣ್ಣು ಕೆಂಪಾದವು. ಅವಳಿಗೆ ಅದು ಕಾಣಲಿಲ್ಲ. ಅವಳ ಕಣ್ಣಿನ ತುಂಬ ನೀರಿತ್ತು. ಬಾಗಿಲ ಬಳಿ ಯಾರೋ "ಇಲ್ಲಿ ಹೆಣ್ಮಕ್ಕಳ ಮೇಲ್ ಓದ್ತಾರಂತೆ!" ಎಂದು ಪಿಸುಗುಟ್ಟಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು.

*

ಮೂರು ದಿನ ಸುರಭಿ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಬೆಳಿಗ್ಗೆ ತಿಂಡಿ ತಿನ್ನದೆ ಹೊರಡುವುದು, ಸಂಜೆ ಬಂದು ಕೋಣೆ ಸೇರುವುದು. ನಾಲ್ಕನೇ ದಿನ, ಭಾನುವಾರ, ಜಯಸಿಂಹ ಮೇಷ್ಟ್ರು ಎರಡು ಲೋಟ ಕಾಫಿ ಹಿಡಿದು ಮಗಳ ಕೋಣೆಯ ಬಾಗಿಲಲ್ಲಿ ನಿಂತರು.

"ಒಳಗೆ ಬರ್ಲೇನಮ್ಮ?"

ಅವಳು ಸರಿದು ಕೂತಳು.

"ಪಿಯುಸಿ ರಿಸಲ್ಟು ಬಂತಲ್ಲ, ಅವತ್ತು ಪಂಕಜಮ್ಮ ಮಗ ಸೀನು ಜೊತೆ ಬಂದಿದ್ರು. ನೋಡಿ ಹೇಳಿ ಮೇಷ್ಟ್ರೇ ಅಂತ. ನಾನು ಒಂದಕ್ಷರ ಒತ್ತಿದೆ, ಕೆಳಗೆ ಏನೇನೋ ಪಟ್ಟಿ ಬಿತ್ತು. ಕನ್ನಡಕ ಇರ್ಲಿಲ್ಲ, ಯಾವುದನ್ನೋ ಒತ್ತಿದೆ. ನಿನ್ನ ಮೇಲ್ ತೆರ್ಕೊಂಡ್ತು."

ಸುರಭಿ ಕೈಗೆ ತೆಗೆದುಕೊಂಡಿದ್ದ ಲೋಟವನ್ನು ಕೆಳಗಿಟ್ಟಳು.

ಏಪ್ರಿಲ್‌ನ ಆ ಭಾನುವಾರ! ಅವತ್ತು ಕರೆಂಟಿಲ್ಲದೆ ಕೆಫೆ ಮುಚ್ಚಿತ್ತು. ವಕೀಲರು ತಕ್ಷಣ ಉತ್ತರ ಬೇಕೆಂದಿದ್ದರು. ಅಪ್ಪ ಅಮ್ಮ ಗುಡ್ಡದ ದೇವಸ್ಥಾನಕ್ಕೆ ಹೋಗಿದ್ದಾಗ ನಡುಮನೆಯಲ್ಲಿ ಕೂತು ಐದೇ ನಿಮಿಷ ಮೇಲ್ ತೆರೆದಿದ್ದಳು. ನೀಲಿ 'ಇ' ಏನೋ ಕೇಳಿತ್ತು. ಗೇಟಿನ ಸದ್ದಾಯಿತೆಂದು ಗಾಬರಿಯಲ್ಲಿ 'ಹೌದು' ಒತ್ತಿ, ಮುಚ್ಚಿ, ಹೂವಿನ ಹೊದಿಕೆ ಹೊದಿಸಿ ಎದ್ದಿದ್ದಳು. ಚನ್ನವೀರ ಅಷ್ಟು ಹೇಳಿಕೊಟ್ಟಿದ್ದು ಕೆಫೆಯ ಕಂಪ್ಯೂಟರಿಗೆ ಎಂದುಕೊಂಡಿದ್ದಳೇ ಹೊರತು, ಮನೆಯದೂ ಅದೇ ಜಾತಿಯದು ಅಂತ ಹೊಳೆದಿರಲಿಲ್ಲ. ಮನೆಯಲ್ಲಿ ಯಾರ ಭಯ ಅಂದುಕೊಂಡಿರುತ್ತೇವೆ ನೋಡಿ!

"ಪೂರ್ತಿ ಓದ್ಲಿಲ್ಲ ಮಗು, ಆಣೆಗೂ. ಮೇಲಿನ ಎರಡು ಸಾಲು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಪಂಕಜಮ್ಮ ಇಣುಕ್ತಾ ಇದ್ರು. ಏನ್ ಮಾಡೋದು ಗೊತ್ತಾಗ್ಲಿಲ್ಲ. ವೈರ್ ಕಿತ್ತುಬಿಟ್ಟೆ."

"ನೀವೂ... ವೈರ್ ಕಿತ್ರಾ?"

ಅಷ್ಟು ದುಃಖದ ನಡುವೆಯೂ ಅವಳಿಗೆ ನಗು ಉಕ್ಕಿ ಬಂತು. ನಗುತ್ತ ನಗುತ್ತಲೇ ಅತ್ತಳು.

"ನಿನ್ನ ಡ್ರಾಯರಿನಲ್ಲಿ ಒಂದು ಸೈಬರ್ ಕೆಫೆ ಕಾರ್ಡ್ ಇತ್ತು, ಮನೆಗೆ ಬಂದು ರಿಪೇರಿ ಮಾಡ್ತೀವಿ ಅಂತ. ಫೋನ್ ಮಾಡಿ ಆ ಹುಡುಗನ್ನ ಕರೆಸಿದೆ. ಒಬ್ಬರದ್ದು ಇನ್ನೊಬ್ಬರಿಗೆ ಕಾಣಿಸದ ಹಾಗೆ ಮಾಡಿಕೊಡಪ್ಪ ಅಂದೆ. ಅವ್ನು ಏನೂ ಕೇಳ್ಲಿಲ್ಲ. ಎಲ್ಲಾ ಅಳಿಸಿ, ಎರಡು ಬ್ರೌಸರ್ ಇಟ್ಟು, ನನ್ನ ಕನ್ನಡ ಪೇಪರಿಗೆ ಯಾವುದು, ಮಗಳಿಗೆ ಯಾವುದು ಅಂತ ತೋರಿಸಿಕೊಟ್ಟ. ನನ್ನ ಮಗಳಿಗೆ ಇದು ಗೊತ್ತಾಗೋದು ಬೇಡ ಕಣಪ್ಪ, ನಾಚ್ಕೋತಾಳೆ ಅಂತ ಮಾತು ತಗೊಂಡೆ. ನಿಮ್ಮಮ್ಮನಿಗೆ ಅವತ್ತೇ ಹೇಳಿದ್ದು, ತಡೀಲಾರದೆ."

ಅದಕ್ಕೇ ಅವನು ಹೇಳಲಿಲ್ಲ! ಅಷ್ಟು ಜನರ ಮುಂದೆ ಛೀಮಾರಿ ಹಾಕಿಸಿಕೊಂಡರೂ, ಅಪ್ಪನಿಗೆ ಕೊಟ್ಟ ಮಾತಿಗೆ ಬಾಯಿ ಮುಚ್ಚಿಕೊಂಡ. ಅವನಿಗೆ ನಾನು ಏನಂದೆ... ದೇವರೇ, ಏನಂದುಬಿಟ್ಟೆ!

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಈಗ ಯೋಚಿಸಿದ್ರೆ ಎಲ್ಲಾ ಹೊಳೀತಿದೆ. ಶ್ರೀಕರ್ ಬೇಡ ಅನ್ನೋಕಾಗದೆ ಹೂಂ ಅಂದ. ನೀನು ನನ್ನ ಮುಖ ನೋಡಿ ಹೂಂ ಅಂದೆ. ಸಂಭ್ರಮ ಪಟ್ಟೋನು ನಾನೊಬ್ಬನೇ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಅಂತ ಹೇಳಿಕೊಟ್ಟೆ. ಇಲ್ಲ ಅಂತ ಹೇಳೋದನ್ನ ಹೇಳಿಕೊಡ್ಲಿಲ್ಲ. ಕ್ಷಮಿಸಮ್ಮ."

"ಅಪ್ಪಾ... ನೀವು ಕುಗ್ಗಿ ಹೋಗ್ತೀರಿ ಅಂತಲೇ..."

"ಕುಗ್ಗಿದೆ. ಎರಡು ದಿನ. ಆಮೇಲೆ ಕಾಫಿ ಕುಡಿದೆ."

ಅವಳು ಅಪ್ಪನ ಭುಜಕ್ಕೆ ತಲೆಯಾನಿಸಿದಳು. ಹೆದರಿದ್ದದ್ದೆಲ್ಲ ನಡೆದುಹೋಗಿತ್ತು, ಅಪ್ಪ ಮಾತ್ರ ಎಂದಿನಂತೆ ಪಕ್ಕದಲ್ಲೇ ಕೂತಿದ್ದರು. ಎಷ್ಟು ಹಗುರ! ಇನ್ನು ಉಳಿದದ್ದು ಒಂದೇ ಭಾರ.

"ಈಗ್ಲೇ ಬಂದೆ ಅಪ್ಪ," ಎಂದು ಚಪ್ಪಲಿ ಮೆಟ್ಟಿದಳು.

*

ಕೌಂಟರಿನಲ್ಲಿ ಬೈರಣ್ಣನೇ ಕೂತಿದ್ದ.

"ಚನ್ನವೀರ ಅವ್ರು?"

"ಬಿಡಿಸ್ಬಿಟ್ಟೆ ಮೇಡಂ. ಏನ್ ಮಾಡ್ಲಿ? ನೀವ್ ಹೇಳಿದ್ ಮೇಲೆ ಹೆಣ್ಮಕ್ಕಳು ಈ ಕಡೆ ತಲೆ ಹಾಕೋದೇ ಕಮ್ಮಿ ಆಗೋಯ್ತು. ಇವತ್ತು ಕೀ ಕೊಡೋಕ್ ಬರ್ತಾನೆ. ಊರಿಗೆ ಹೋಗ್ತಾನಂತೆ."

ಅವಳು ಗೋಡೆಯ ಗಡಿಯಾರ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಪರಿಚಯದ ದನಿ.

"ಸುರಭಿ! ನೀನಿಲ್ಲಿ?"

ಎದುರುಮನೆ ಪಂಕಜಮ್ಮ! ಮೇಷ್ಟ್ರ ಮನೆ ಕಂಪ್ಯೂಟರ್ ಕೈಕೊಟ್ಟ ದಿನದಿಂದ ಸೀನುವಿನ ಕಾಲೇಜು ಫಾರಂ ಅಂತ ಇಲ್ಲಿಗೇ ಬರುತ್ತಿದ್ದರು. ಅವರ ಹಿಂದೆ ಇನ್ನೂ ಏಳೆಂಟು ಜನ. ಅವರೆಲ್ಲರ ಹಿಂದೆ, ಬಾಗಿಲಲ್ಲಿ, ಕೈಯಲ್ಲಿ ಕೀಗೊಂಚಲು ಹಿಡಿದು ಚನ್ನವೀರ ನಿಂತಿದ್ದ. ಮೂರೇ ದಿನಕ್ಕೆ ಇಳಿದುಹೋಗಿದ್ದ.

ಸುರಭಿ ಕೌಂಟರಿಗೆ ತಿರುಗಿದಳು.

"ಬೈರಣ್ಣಾ, ಇವ್ರದ್ದು ಏನೂ ತಪ್ಪಿಲ್ಲ. ನನಗೆ ತಪ್ಪು ತಿಳುವಳಿಕೆ ಆಯ್ತು."

"ತಪ್ಪು ತಿಳುವಳಿಕೆನಾ?" ಪಂಕಜಮ್ಮ ಬಿಡಬೇಕಲ್ಲ! "ನೀನೇನಾ ಅವತ್ತು ಕೂಗಾಡಿದ್ದು? ಸುಮ್ನೆ ಯಾರಾದ್ರೂ ಅಷ್ಟು ಕೂಗಾಡ್ತಾರಾ? ಏನೋ ಇರ್ಲೇಬೇಕು. ಹುಡುಗ ಪಾಪ ಅಂತ ಈಗ ಮುಚ್ಚಿ ಹಾಕ್ತಿದ್ದೀಯ ಅಷ್ಟೆ."

ಜನ ಹೌದೆನ್ನುವಂತೆ ತಲೆಯಾಡಿಸಿದರು.

ಸುರಭಿಗೆ ಅರ್ಥವಾಯಿತು. ಅರ್ಧ ಹೇಳಿದರೆ ಅವನ ಹೆಸರಿಗೆ ಹತ್ತಿದ ಮಸಿ ಅರ್ಧ ಮಾತ್ರ ತೊಳೆದುಹೋಗುತ್ತದೆ. ಪೂರ್ತಿ ಹೇಳಿದರೆ... ಸಂಜೆಯೊಳಗೆ ಹನುಮಂತನಗರಕ್ಕೆಲ್ಲ ಸುದ್ದಿ. ಪಂಕಜಮ್ಮನ ಕಿವಿಗೆ ಬಿದ್ದದ್ದು ಅಳಿಸುವ ಬ್ರೌಸರ್ ಇನ್ನೂ ಹುಟ್ಟಿಲ್ಲ!

ಅವಳು ಒಮ್ಮೆ ಚನ್ನವೀರನ ಕಡೆ ನೋಡಿದಳು. ಬೇಡ ಎನ್ನುವಂತೆ ಅವನು ತಲೆಯಾಡಿಸಿದ. ಏನು ವಿಷಯವೆಂದೇ ಗೊತ್ತಿಲ್ಲದಿದ್ದರೂ, ಬೇಡ ಎಂದ. ಅದೇ ಅವಳಿಗೆ ಧೈರ್ಯ ಕೊಟ್ಟಿತು.

"ಆಂಟಿ, ಕೇಳಿಸ್ಕೊಳಿ. ನನ್ನ ಗಂಡ ಪುಣೆಯಲ್ಲಿ ಪ್ರಾಜೆಕ್ಟಿಗೆ ಹೋಗಿಲ್ಲ. ನಾವಿಬ್ರೂ ಒಪ್ಪಿ ಡೈವೋರ್ಸಿಗೆ ಅರ್ಜಿ ಹಾಕಿದ್ದೀವಿ. ವಕೀಲರ ಮೇಲ್ ನೋಡೋಕೆ ಇಲ್ಲಿಗೆ ಬರ್ತಿದ್ದೆ. ಅದು ಹೊರಗೆ ಬಿದ್ದಿದ್ದು ಇಲ್ಲಿಂದಲ್ಲ, ನಮ್ಮನೆ ಕಂಪ್ಯೂಟರಿನಿಂದ, ನನ್ನದೇ ಅಜಾಗರೂಕತೆಯಿಂದ. ಈ ಎಂಟು ಕಂಪ್ಯೂಟರಿನಲ್ಲಿ ಒಬ್ಬರ ಗುಟ್ಟೂ ಉಳಿಯದ ಹಾಗೆ ಮಾಡಿದ್ದು ಇವ್ರು. ಇವ್ರು ನನ್ನ ಮೇಲ್ ಓದಿದ್ರು ಅಂತ ನಾನು ಅಂದೆ. ಅದೂ ಎಲ್ಲರೆದುರಿಗೆ. ಅದಕ್ಕೇ ಇದನ್ನೂ ಎಲ್ಲರೆದುರಿಗೇ ಹೇಳ್ತಿದ್ದೀನಿ."

ಪಂಕಜಮ್ಮನ ಬಾಯಿ ತೆರೆದದ್ದು ಹಾಗೇ ಇತ್ತು. ಸೀನು ಅಮ್ಮನ ಸೆರಗು ಜಗ್ಗಿ, "ಬಾಮ್ಮಾ, ಫಾರಂ ತುಂಬಬೇಕು," ಎಂದು ಎಳೆದುಕೊಂಡು ಹೋದ.

ಬೈರಣ್ಣ ಕೆಮ್ಮಿದ. ತಲೆ ಕೆರೆದುಕೊಂಡ.

"ಆ ಕೀ ಜೇಬಲ್ಲೇ ಇಟ್ಕೋ ಗುರು. ಏಳನೇ ನಂಬರ್ ಬೆಳಿಗ್ಗೆಯಿಂದ ಹ್ಯಾಂಗ್ ಆಗೈತೆ, ಏನ್ ನೋಡು."

ಚನ್ನವೀರ ಏಳನೇ ನಂಬರಿಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಬಳಿ ನಿಂತಿದ್ದ ಸುರಭಿಯ ಹತ್ತಿರ ಬಂದ.

"ಯಾಕ್ ಹೇಳಿದ್ರಿ? ಇಷ್ಟ್ ದಿನ ಕಾಪಾಡಿದ್ದು..."

"ಮುಚ್ಚಿಡೋದು ನನ್ನಿಷ್ಟ. ಅದಕ್ಕೆ ನಿಮ್ಮ ಹೆಸರು ಕೆಡಿಸೋಕಾಗುತ್ತಾ? ನಿಮ್ಮಕ್ಕನ ವಿಷ್ಯ ತೆಗೆದು ಮಾತಾಡಿದ್ದು... ಅದನ್ನ ಕ್ಷಮಿಸ್ತೀರಾ?"

"ಅವತ್ತ ಕ್ಷಮಿಸಿದ್ನಿ." ಸ್ವಲ್ಪ ತಡೆದು ಹೇಳಿದ. "ಅವತ್ತು ನಿಮ್ಮ ಮನ್ಯಾಗ ಗ್ವಾಡಿ ಮ್ಯಾಲೆ ನಿಮ್ಮ ಮದುವಿ ಫೋಟೋ ನೋಡಿದ್ನಿ. ಆಮ್ಯಾಲ ನೀವು ಬೈದದ್ದು ನನ್ನ ಮನಸಿಗೆ ಅಷ್ಟೇನ್ ಹತ್ತಲಿಲ್ರಿ. ಅದಕ್ಕಿಂತ ಮೊದಲ ಆ ಫೋಟೋ ಹತ್ತಿತ್ತು."

ಓಹೋ! ಗೇಟಿನ ಬಳಿ ಬಿಳಿಚಿಕೊಂಡ ಮುಖಕ್ಕೆ ಕಾರಣ ಇದು! ಸುರಭಿಯ ಕೆನ್ನೆ ಬಿಸಿಯಾಯಿತು. "ಕಾಗದ ಆಗೋಕೆ ಇನ್ನೂ ಐದು ತಿಂಗಳಿದೆ," ಎಂದಳು.

"ಆಗ್ಲಿ ಬಿಡ್ರಿ," ಎಂದು ಅವನು ಏಳನೇ ನಂಬರಿಗೆ ಹೋದ.

*

ಐದು ತಿಂಗಳು ಅವನು ಒಂದು ಮಾತು ಮೀರಿ ಆಡಲಿಲ್ಲ. ಅವಳೂ ಕೇಳಲಿಲ್ಲ. ರಸ್ತೆಯವರು ಹದಿನೈದು ದಿನ ಗುಸುಗುಸು ಅಂದರು, ಹದಿನಾರನೇ ದಿನ ಬೇರೆ ಸುದ್ದಿ ಸಿಕ್ಕಿತು. ಜಯಸಿಂಹ ಮೇಷ್ಟ್ರು ತಾವೇ ಪುಣೆಗೆ ಫೋನು ಮಾಡಿ ಶಿಷ್ಯನಿಗೆ "ಚೆನ್ನಾಗಿರಪ್ಪ" ಎಂದರು.

ನವೆಂಬರಿನ ಒಂದು ಶನಿವಾರ ಕೋರ್ಟಿನ ಕಾಗದ ಕೈಗೆ ಬಂತು. ಸಂಜೆ ಯಡಿಯೂರು ಕೆರೆಯ ಏರಿಯ ಮೇಲೆ ಸುರಭಿ ಅದನ್ನು ಚನ್ನವೀರನ ಕೈಗಿಟ್ಟಳು.

"ಓದಿ."

"ನಿಮ್ಮ ಸ್ವಂತದ ಕಾಗದ..."

"ಓದಿ ಅಂತ ನಾನೇ ಕೊಡ್ತಿದ್ದೀನಲ್ಲ!"

ಅವನು ಓದಿದ. ನೀಟಾಗಿ ಮಡಿಸಿ ವಾಪಸ್ಸು ಕೊಟ್ಟ. ಕೆರೆಯ ಕಡೆ ನೋಡುತ್ತ ನಿಂತ.

"ಇಷ್ಟ್ ದಿನ ನಿಮ್ಮನ್ನ ಒಂದೂ ಪ್ರಶ್ನೆ ಕೇಳಿಲ್ರಿ. ಇವತ್ತ ಒಂದ್ ಕೇಳ್ಲೇನ್ರಿ?"

"ತಡೀರಿ. ಮೊದ್ಲು ನನ್ನದೊಂದು." ಅವಳ ಹಳೆಯ ಭಯ ಇನ್ನೂ ಪೂರ್ತಿ ಹೋಗಿರಲಿಲ್ಲ. "ನಮ್ಮಪ್ಪ ಏನಾದ್ರೂ ಹೇಳಿದ್ರಾ? ಅವ್ರ ಮುಲಾಜಿಗೆ ಕೇಳ್ತಿಲ್ಲ ತಾನೇ? ಪಾಪ ಅಂತ ಕೇಳ್ತಿಲ್ಲ ತಾನೇ? ನಿಜ ಹೇಳಿ. ಇನ್ನೊಂದ್ಸಲ ಅದನ್ನ ನಾನು ತಡ್ಕೊಳ್ಳಲ್ಲ."

ಚನ್ನವೀರ ಮೊದಲ ಸಲ ಗಟ್ಟಿಯಾಗಿ ನಕ್ಕ.

"ನಿಮ್ಮಪ್ಪಾರ ಕಡೆ ಹೋಗಿದ್ನಿ, ಹೋದ ವಾರ. 'ನನ್ನ ಕೇಳಬೇಡಪ್ಪ, ನಾನು ಒಂದ್ಸಲ ಬಾಯಿ ಹಾಕಿ ಕೆಡಿಸಿದ್ದೀನಿ. ಅವಳನ್ನೇ ಕೇಳು. ಅವಳು ಇಲ್ಲ ಅಂದ್ರೆ ಕಾಫಿ ಕುಡಿದು ಮನೆಗೆ ಹೋಗು' ಅಂದ್ರು. ನಿಮ್ಮ ಅಮ್ಮಾರು, ಗದಗಿನ ಕಡೆ ಖಾರ ಭಾಳ ತಿಂತಾರಂತ ಅಂದ್ರು. ಯಾರೂ ನನಗ ಒತ್ತಾಯ ಮಾಡಿಲ್ರಿ. ನನಗ ನೀವ್ ಬೇಕು. ಅಷ್ಟ."

ಸುರಭಿಯ ಕಣ್ಣಿಂದ ನೀರು ತಾನಾಗಿ ಇಳಿಯಿತು. ಅಬ್ಬಾ... ಕೊನೆಗೂ ಒಬ್ಬ, ಯಾರ ಮಾತಿಗೂ ಅಲ್ಲದೆ, ನನ್ನನ್ನು ನನಗಾಗಿ ಕೇಳಿದ!

"ಅವಸರಿಲ್ರಿ," ಅವನು ಗಾಬರಿಯಾದ. "ವಿಚಾರ ಮಾಡಿ ಹೇಳ್ರಿ. ಇಲ್ಲ ಅಂದ್ರೂ ನಡೀತೈತಿ."

"ಇಲ್ಲ ಅನ್ನೋದು ನನಗೆ ಬರುತ್ತೆ," ಅವಳು ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು. "ಈಗ ಚೆನ್ನಾಗಿ ಬರುತ್ತೆ. ಆದ್ರೂ ಹೂಂ ಅಂತಿದ್ದೀನಿ."

"ಮತ್ತೊಮ್ಮೆ ಹೇಳ್ರಿ?"

"ಹೂಂ!"

"ನಿಮ್ಮಪ್ಪಾರಿಗೆ ಯಾರ್ ಹೇಳೂದು?"

"ನಾನೇ ಹೇಳ್ತೀನಿ," ಎಂದಳು ಸುರಭಿ. "ಬನ್ನಿ, ಕಾಫಿಗೆ ಮನೆಗೆ ಹೋಗೋಣ."